ಖಚಿತವೇ ಎಂದು ಕೇಳದ ಪುಟ

ಮೇಲಧಿಕಾರಿ ಮೇಡಂ ಬೈದ ದಿನಗಳಲ್ಲೆಲ್ಲ ಬಿಚ್ಚಪ್ಪ ರಾಜೀನಾಮೆ ಕೊಡುತ್ತಿದ್ದ. ಬರೀ ಬಾಯಿಮಾತಿಗಲ್ಲ. ಕಂಪನಿಯ ಸಿಬ್ಬಂದಿ ಪುಟ ತೆರೆದು, 'ರಾಜೀನಾಮೆ ಸಲ್ಲಿಸಿ' ಎಂಬ ಕೆಂಪು ಗುಂಡಿಯನ್ನೇ ಒತ್ತುತ್ತಿದ್ದ. ಪುಟ 'ಖಚಿತವೇ?' ಎಂದು ಕೇಳುತ್ತಿತ್ತು. ಆ ಪ್ರಶ್ನೆಯನ್ನು ಕಣ್ತುಂಬ ನೋಡಿ, ಕುರ್ಚಿಗೆ ಒರಗಿ, ಕೊಂಚ ಹೊತ್ತು ಪುಟವನ್ನು ಸತಾಯಿಸಿ, 'ಬೇಡ' ಒತ್ತಿ ಕೆಲಸಕ್ಕೆ ಮರಳುತ್ತಿದ್ದ. ಆ ಆಫೀಸಿನಲ್ಲಿ ಅವನ ಅಭಿಪ್ರಾಯ ಕೇಳುತ್ತಿದ್ದದ್ದು ಅದೊಂದೇ.

ಬಿಚ್ಚಪ್ಪ ಎಂಬುದು ಅಕ್ಕ ಇಟ್ಟ ಹೆಸರು. ಚಿಕ್ಕಂದಿನಲ್ಲಿ ಗೋಡೆ ಗಡಿಯಾರ, ಇಸ್ತ್ರಿ ಪೆಟ್ಟಿಗೆ, ಕೊನೆಗೆ ಅವಳ ಹೊಲಿಗೆ ಯಂತ್ರ, ಯಾವುದನ್ನೂ ಬಿಚ್ಚದೆ ಬಿಟ್ಟವನಲ್ಲ. ಯಾವುದನ್ನೂ ಮತ್ತೆ ಜೋಡಿಸಿದವನೂ ಅಲ್ಲ. ದೊಡ್ಡವನಾದ ಮೇಲೆ ಅದಕ್ಕೇ ಸಂಬಳ ಕೊಡುವವರು ಸಿಕ್ಕರು. ಹೋಟೆಲ್ ಕೋಣೆಗಳ ಬಾಡಿಗೆ ಹೋಲಿಸಿ ತೋರಿಸುವ ಕಂಪನಿ ಅದು. ಹೋಟೆಲಿನವರ ವೆಬ್ ಪುಟ ತನ್ನ ಸರ್ವರಿಗೆ ಬಾಡಿಗೆ ದರ ಕೇಳುವಾಗ, ಅದಿಲ್ಲದೆ ದರ ಸಿಗದಂಥ ಗುಟ್ಟಿನ ಗುರುತೊಂದನ್ನು ಜೊತೆಗೆ ಕಳಿಸುತ್ತದೆ. ಅದು ಪುಟದೊಳಗೆ ಎಲ್ಲಿ, ಹೇಗೆ ತಯಾರಾಗುತ್ತದೆಂದು ಬಿಚ್ಚಿ ನೋಡುವುದು ಇವನ ಕೆಲಸ.

ಸಾವಿರಾರು ಸಾಲು ಕೋಡ್ ಓದುವ ತಾಳ್ಮೆ ಅವನಿಗಿರಲಿಲ್ಲ. ಅದಕ್ಕೇ ಹುಕ್ ಇರುವುದು. ಬ್ರೌಸರಿನ ಬಾಗಿಲಲ್ಲಿ ಕಾವಲು ಕೂರುವ ಪುಟ್ಟ ಕೋಡ್ ಅದು. ಪುಟ ಆ ಗುರುತನ್ನು ಹೊತ್ತು ಹೊರಟರೆ, 'ನಿಲ್ಲು, ಎಲ್ಲಿಂದ ತಂದೆ?' ಎಂದು ಹಿಡಿದು ನಿಲ್ಲಿಸುತ್ತದೆ. ಅದನ್ನೂ ಬಿಚ್ಚಪ್ಪ ಬರೆಯುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಬರೆದು ಇಂಟರ್ನೆಟ್ಟಿಗೆ ಬಿಟ್ಟ ರೆಡಿಮೇಡ್ ಹುಕ್‌ಗಳ ಗಂಟನ್ನು ಇಳಿಸಿಕೊಂಡು, ಅಂಟಿಸಿ, ಗುರುತು ಸಿಕ್ಕೊಡನೆ ತಾನೇ ಬೆವರು ಸುರಿಸಿದವನಂತೆ ಹಣೆ ಒರೆಸಿಕೊಳ್ಳುತ್ತಿದ್ದ.

ಒಂದು ಹೋಟೆಲಿನ ಪುಟ ಹೆಜ್ಜೆಹೆಜ್ಜೆಗೂ 'ಮುಂದುವರಿಯಬೇಕೇ?' ಎಂದು ಪೀಡಿಸುತ್ತಿತ್ತು. ಗಂಟಿನಲ್ಲಿ ಅದಕ್ಕೂ ಮದ್ದಿತ್ತು: ಪುಟ ಏನೇ ಕೇಳಲಿ, ಪ್ರಶ್ನೆ ಪರದೆಗೆ ಬರುವ ಮೊದಲೇ 'ಹೌದು' ಎಂದುಬಿಡುವ ಹುಕ್. 'ಬೇಕಾದ ಪುಟದ ವಿಳಾಸ ಇಲ್ಲಿ ತುಂಬಿ. ತುಂಬದಿದ್ದರೆ ಎಲ್ಲ ಪುಟಗಳಿಗೂ ಅನ್ವಯವಾಗುತ್ತದೆ' ಎಂದು ಮೇಲೆಯೇ ಬರೆದಿತ್ತು. ಅದನ್ನೆಲ್ಲ ಓದುವವನಾಗಿದ್ದರೆ ರೆಡಿಮೇಡ್ ಯಾಕೆ ಬೇಕಿತ್ತು? ವಿಳಾಸ ತುಂಬದೆಯೇ ಬಿಚ್ಚಪ್ಪ ಅದನ್ನು ತನ್ನ ಕಂಪ್ಯೂಟರಿಗೂ ಹಾಕಿಕೊಂಡ, ಕೇಳಿದರೆಂದು ಮೇಡಂ ಕಂಪ್ಯೂಟರಿಗೂ ಹಾಕಿಕೊಟ್ಟ.

ಮರುದಿನವೇ ಮೇಡಂ ಎಲ್ಲರೆದುರು, "ಬೇರೆಯವರು ಬರೆದಿದ್ದನ್ನ ಅಂಟಿಸೋಕೆ ನೀವೇ ಆಗ್ಬೇಕಾ? ಗೋಂದು ಸಾಕಲ್ಲ" ಎಂದರು. ನಕ್ಕವರ ಕಡೆ ನೋಡದೆ ಅವನು ಸೀಟಿಗೆ ಬಂದು ಕೆಂಪು ಗುಂಡಿ ಒತ್ತಿ, ಕುರ್ಚಿಗೆ ಒರಗಿದ. ಪ್ರಶ್ನೆ ಬರಲಿಲ್ಲ. 'ನಿಮ್ಮ ರಾಜೀನಾಮೆ ಸಲ್ಲಿಕೆಯಾಗಿದೆ. ಮುಂದಿನ ಜೀವನ ಸುಖಮಯವಾಗಿರಲಿ' ಎಂದು ಬಂತು.

ಮನೆಗೆ ಹೋದರೆ ಅಕ್ಕ ಹೊಸ ಕೋಣೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಇವನ ಸಂಬಳ ನಂಬಿಯೇ ಅವಳು ಬೀದಿಗೆ ಬಾಗಿಲಿರುವ ಆ ಕೋಣೆಯನ್ನು ಹೊಲಿಗೆ ಅಂಗಡಿಗೆಂದು ಬಾಡಿಗೆಗೆ ಹಿಡಿದಿದ್ದಳು.

"ಕೈ ತಪ್ಪಿ ಒತ್ತಿದೆ ಅನ್ನು," ಎಂದಳು ಎಲ್ಲ ಕೇಳಿ.

"ಕೈ ತಪ್ಪಿಲ್ಲ ಅಕ್ಕ. ಬೈಸಿಕೊಂಡಾಗಲೆಲ್ಲ ಒತ್ತುತ್ತಾನೇ ಇರ್ತೀನಿ."

ಕತ್ತರಿ ನಿಂತಿತು. "ಮತ್ತೆ ಇಷ್ಟು ದಿನ? ಅವರು ಬೇಡ ಅಂತಿದ್ರಾ?"

"ನಾನೇ ಬೇಡ ಅಂತಿದ್ದೆ."

"ನಿನ್ನ ತಲೇನ ಒಂದ್ಸಲ ಬಿಚ್ಚಿ ನೋಡ್ಬೇಕು ಕಣೋ," ಎಂದಳು ಅಕ್ಕ. "ನಾಳೆ ಹೋಗಿ ಇದ್ದದ್ದು ಇದ್ದ ಹಾಗೇ ಹೇಳು. ಈ ಕೋಣೆ ಬಿಡೋಕೆ ನಂಗಾಗಲ್ಲ."

ಮರುದಿನ ಬೆಳಿಗ್ಗೆ ಅವನು ಇದ್ದದ್ದು ಇದ್ದ ಹಾಗೇ ಹೇಳಿದ. ಮೇಡಂ ಬೈಯಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಅವರು ತಮ್ಮ ಪರದೆಯನ್ನು ಇವನತ್ತ ತಿರುಗಿಸಿದರು. ಅವನ ರಾಜೀನಾಮೆಯ ಪಕ್ಕ 'ಅಂಗೀಕರಿಸಲಾಗಿದೆ' ಎಂದಿತ್ತು.

"ಒಪ್ಪಿಬಿಟ್ರಾ ಮೇಡಂ?"

"ಒಪ್ಪೋಣ ಅಂತಲ್ಲ. ಒತ್ತಿದ್ರೆ ಹೇಗನ್ಸುತ್ತೆ ನೋಡೋಣ ಅಂತ. ಖಚಿತವೇ ಅಂತ ಕೇಳುತ್ತಲ್ಲ, ಆಗ ಬೇಡ ಅಂದ್ರಾಯ್ತು ಅಂದ್ಕೊಂಡೆ." ಕನ್ನಡಕ ತೆಗೆದು ಒರೆಸಿದರು. "ಕೇಳ್ಲೇ ಇಲ್ಲ."

ಬಿಚ್ಚಪ್ಪ ಕೆಮ್ಮಿದ. "ಅದು ಹುಕ್ ಮೇಡಂ…"

"ಗೊತ್ತಾಯ್ತು ಬಿಡಿ. ಹಾಕಿಕೊಟ್ಟವರು ನೀವೇ ತಾನೇ."

ಎರಡೂ ಕಂಪ್ಯೂಟರಿನಿಂದ ಹುಕ್ ಕಿತ್ತು, ಇಬ್ಬರೂ ಮುಖ್ಯ ಕಚೇರಿಗೆ ಪತ್ರ ಬರೆಯಲು ಕೂತರು. ಮೇಡಂ 'ತಾಂತ್ರಿಕ ದೋಷ' ಎಂದು ಬರೆದು ಅಳಿಸಿದರು, ಯಾರ ದೋಷ ಎಂದು ಕೇಳಿದರೆ? 'ಕಣ್ತಪ್ಪು' ಎಂದು ಬರೆದು ಅದನ್ನೂ ಅಳಿಸಿದರು, ಎರಡು ಜೊತೆ ಕಣ್ಣು ಒಟ್ಟಿಗೇ ತಪ್ಪಿದ್ದು ಹೇಗೆ? ಕಡೆಗೆ ಉಳಿದದ್ದು ಇಷ್ಟೇ: 'ರಾಜೀನಾಮೆ ಕೊಟ್ಟವರಿಗೆ ಕೊಡುವ ಮನಸ್ಸಿರಲಿಲ್ಲ. ಒಪ್ಪಿದವರಿಗೆ ಒಪ್ಪುವ ಮನಸ್ಸಿರಲಿಲ್ಲ. ದಯವಿಟ್ಟು ರದ್ದು ಮಾಡಿ.'

ಮೇಡಂ ಬೆರಳು ಎತ್ತಿ ಹಿಡಿದು, "ಕಳಿಸ್ಲಾ? ಖಚಿತ ತಾನೇ?" ಎಂದರು.

ಬಿಚ್ಚಪ್ಪ ಅಭ್ಯಾಸಬಲದಿಂದ ಕುರ್ಚಿಗೆ ಒರಗಿದ. ಮೇಡಂ ಮುಖ ಕಂಡವನೇ ಬೆನ್ನು ನೆಟ್ಟಗೆ ಮಾಡಿಕೊಂಡು, "ಹೌದು ಮೇಡಂ" ಎಂದ.

ಸಂಜೆ ಉತ್ತರ ಬಂತು: 'ರದ್ದಾಗಿದೆ. ಇನ್ನೊಮ್ಮೆ ಒತ್ತಬೇಡಿ.' ಅದನ್ನು ಹೇಳಿದ್ದು ತಮ್ಮಿಬ್ಬರಲ್ಲಿ ಯಾರಿಗೆ ಎಂದು ಇಬ್ಬರೂ ಕೇಳಲು ಹೋಗಲಿಲ್ಲ.