ಪಟೇಲರ ರಿವಾಲ್ವರಿಗೆ ಗುಂಡಿನ ಅಚ್ಚು

ನಮ್ಮ ಮಾವನವರ ಹೆಸರಿನಲ್ಲಿ ಒಂದು ಹಳೆಯ ರಿವಾಲ್ವರ್ ಇತ್ತು. ಅವರ ತಂದೆ ದೇವನಹಳ್ಳಿ ಹತ್ತಿರದ ನಮ್ಮೂರಿಗೆ ಪಟೇಲರಾಗಿದ್ದವರು. ಕಂದಾಯದ ಹಣ ಹೊತ್ತು ತಾಲ್ಲೂಕು ಕಚೇರಿಗೆ ಹೋಗುವಾಗ ಸೊಂಟದಲ್ಲಿರಲಿ ಎಂದು ಕೊಂಡದ್ದಂತೆ. ಮಾವ ಅದರಿಂದ ಒಂದು ಗುಂಡನ್ನೂ ಹಾರಿಸಿದವರಲ್ಲ. ಆದರೂ ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ರಸೀದಿ ತೋರಿಸಿ ತರಬೇಕಿತ್ತು. ಎಂಬತ್ತು ದಾಟಿದ ಮೇಲೆ ಆ ಓಡಾಟ ಅವರಿಗೆ ಸಾಕಾಯಿತು. ಲೈಸೆನ್ಸ್ ಬಿಟ್ಟುಕೊಟ್ಟು ರಿವಾಲ್ವರನ್ನು ವಸ್ತುಸಂಗ್ರಹಾಲಯಕ್ಕೆ ಕೊಡಲು ತೀರ್ಮಾನಿಸಿ, ಅಲ್ಲಿಯವರೆಗೆ ಬೆಂಗಳೂರಿನ ಒಂದು ಬಂದೂಕಿನ ಅಂಗಡಿಯಲ್ಲಿ ಇರಿಸಿದರು.

ಸಂಗ್ರಹಾಲಯದ ಅಧಿಕಾರಿ, ಇದಕ್ಕೆ ಸೇರಿದ ಗುಂಡು, ಸೀಸ ಹುಯ್ದು ಗುಂಡು ಮಾಡುವ ಅಚ್ಚು ಏನಾದರೂ ಇದ್ದರೆ ಜೊತೆಗಿಡಬಹುದು, ಇಲ್ಲದಿದ್ದರೂ ಪರವಾಗಿಲ್ಲ ಎಂದು ಪತ್ರ ಬರೆದರು. ಪರವಾಗಿಲ್ಲ ಎಂಬುದು ಮಾವನ ಕಣ್ಣಿಗೆ ಬೀಳಲೇ ಇಲ್ಲ.

"ಗುಂಡಿಲ್ದೆ ಕೊಡೋಕಾಗಲ್ಲ ಕಣಮ್ಮ," ಎಂದರು ನನಗೆ. "ನಡಿ, ಹುಡುಕೋಣ."

ನಾನು ಆ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು. ಅಷ್ಟು ದಿನವೂ ನಮ್ಮಿಬ್ಬರ ನಡುವೆ ಇದ್ದದ್ದು ಕಾಫಿ, ಮಾತ್ರೆ, ಕರೆಂಟ್ ಬಿಲ್ಲಿನ ಮಾತು ಮಾತ್ರ. ನಾನು ಕಲಿಸುವ ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ಜೊತೆಗೆ ಹೊರಟೆ.

ಅಂಗಡಿಯವರು ರಿವಾಲ್ವರನ್ನು ಹೊರತೆಗೆದು ನೋಡಿ, "ಯಜಮಾನ್ರೇ, ಇದರ ಗುಂಡಿನ ತೋಟಾ ತಯಾರಿಸೋದು ನಾನು ಹುಟ್ಟೋಕ್ ಮುಂಚೇನೇ ನಿಂತೋಗಿದೆ," ಎಂದರು. ಹತ್ತಿರದ ಅಳತೆಯ ಎರಡು ಗುಂಡು ಇಟ್ಟು ನೋಡಿದರು. ಒಂದು ಒಳಗೇ ಹೋಗಲಿಲ್ಲ, ಇನ್ನೊಂದು ಆಚೆ ಕಡೆಯಿಂದ ಉದುರಿತು. ಆ ಕಾಲದ ಗುಂಡಿನ ಮೈ ದಪ್ಪ, ಬುಡ ಮಾತ್ರ ಸಣ್ಣದಂತೆ. ಈಗಿನ ಯಾವ ಅಚ್ಚಿನಲ್ಲೂ ಅದು ಬರುವುದಿಲ್ಲ. ನಾವು ಎದ್ದು ನಿಂತಾಗ ಅವರು ಕೂರಿಸಿದರು. ಬೀರುವಿನ ಮೇಲಿಂದ ತಮ್ಮ ತಾತನ ಕಾಲದ ಕ್ಯಾಟಲಾಗ್ ಇಳಿಸಿ, ಧೂಳು ಕೊಡವಿ, ಒಂದೊಂದೇ ಹಾಳೆ ಮಗುಚಿ ಆ ಗುಂಡಿನ ಚಿತ್ರ, ಅಳತೆ ಹುಡುಕಿ ಜೆರಾಕ್ಸ್ ಮಾಡಿಸಿಕೊಟ್ಟರು. ನಮ್ಮಿಂದ ಅವರಿಗೆ ಯಾವ ವ್ಯಾಪಾರವೂ ಇರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಮಾವ ಇದ್ದಕ್ಕಿದ್ದಂತೆ ಹೇಳಿದರು: "ಮನೇಲಿ ಅಚ್ಚು ಇತ್ತಮ್ಮ. ಇಕ್ಕಳದ ಥರ. ನಾನೇ ಅದನ್ನ ಹಳೇ ಕಬ್ಬಿಣದೋನಿಗೆ ಕೊಟ್ಟು ಕೆಂಪು ಬೊಂಬಾಯಿ ಮಿಠಾಯಿ ತಿಂದೆ."

ಆಗ ಅವರಿಗೆ ಏಳೋ ಎಂಟೋ ವರ್ಷ. ಅಚ್ಚು ಕಾಣದಾದಾಗ ಪಟೇಲರು ಮಾವನ ಅಕ್ಕನ ಮೇಲೆ ಅನುಮಾನಪಟ್ಟು ಹುಣಸೆ ಬರಲಿನಿಂದ ಹೊಡೆದರಂತೆ. ಮಾವ ಕಂಬದ ಹಿಂದೆ ನಿಂತು ನೋಡಿದರೇ ಹೊರತು ಬಾಯಿ ಬಿಡಲಿಲ್ಲ.

"ಇವತ್ತಿಗೂ ಹೇಳಿಲ್ಲ," ಎಂದು ಮಾವ ಕಿಟಕಿಯ ಕಡೆ ತಿರುಗಿದರು. ನಾನು ಅವರ ಕೈಚೀಲವನ್ನು ತೆಗೆದು ನನ್ನ ತೊಡೆಯ ಮೇಲಿಟ್ಟುಕೊಂಡೆ.

ನೆಲಮಂಗಲದ ನನ್ನ ತವರಿನ ಪಕ್ಕದ ಮನೆಯಲ್ಲಿ ಒಬ್ಬರು ಮೇಸ್ತ್ರಿ ಇದ್ದಾರೆ. ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸದಿಂದ ನಿವೃತ್ತರಾಗಿ, ಮನೆಯ ಹಿಂದೆ ಒಂದು ಲೇತ್ ಯಂತ್ರ ಇಟ್ಟುಕೊಂಡವರು. ಜೆರಾಕ್ಸ್ ನೋಡಿದವರೇ ಕೈ ಹಿಂದೆ ತೆಗೆದರು. "ಬಂದೂಕಿನ ಸಾವಾಸ ಬೇಡ ಕಣಮ್ಮ."

ಮಾವ ಅಧಿಕಾರಿಯ ಪತ್ರ ಮುಂದಿಟ್ಟರು. "ಮದ್ದಿಲ್ಲ, ಏನಿಲ್ಲ. ಬರೀ ಸೀಸ. ಗಾಜಿನ ಪೆಟ್ಟಿಗೇಲಿ ಇಡೋಕೆ."

ಮೇಸ್ತ್ರಿ ಪತ್ರವನ್ನು ಎರಡು ಸಲ ಓದಿ, ಅಧಿಕಾರಿಗೆ ಫೋನ್ ಮಾಡಿ ಕೇಳಿಕೊಂಡ ಮೇಲೆಯೇ ಒಪ್ಪಿದ್ದು. ವಾರದಲ್ಲಿ ಅಚ್ಚು ಸಿದ್ಧವಾಯಿತು, ಆರು ಗುಂಡೂ ಬಂದವು. ಆದರೆ ಅಂಗಡಿಗೆ ಒಯ್ದು ನೋಡಿದರೆ ಅವೂ ಸಡಿಲ. ಮಾವ ಇರಲಿ ಬಿಡಿ ಎಂದರು. ಮೇಸ್ತ್ರಿ ಬಿಡಲಿಲ್ಲ. "ಸೀಸ ಆರಿದ ಮೇಲೆ ಚೂರು ಕುಗ್ತದೆ. ನಾನದನ್ನ ಲೆಕ್ಕಕ್ಕೆ ತಗೋಬೇಕಿತ್ತು," ಎಂದು ಮತ್ತೊಂದು ಅಚ್ಚನ್ನೇ ಮಾಡಿದರು. ಈ ಸಲದ ಗುಂಡು ಅದರ ಜಾಗದಲ್ಲಿ ಗಟ್ಟಿಯಾಗಿ ಕೂತಿತು. ಅಂಗಡಿಯವರು ಎದ್ದು ಬಂದು ಮಾವನ ಕೈ ಕುಲುಕಿದರು.

ಅಚ್ಚು ಕೈಗೆ ಬಂದ ಮರುದಿನವೇ ಮಾವ ದೊಡ್ಡಬಳ್ಳಾಪುರಕ್ಕೆ, ಅಕ್ಕನ ಮನೆಗೆ ಹೋಗೋಣ ಎಂದರು. ಆಕೆ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಮಾವ ಅಚ್ಚನ್ನು ಅವರ ಮೊರದ ಪಕ್ಕ ಇಟ್ಟು, "ಅಕ್ಕಾ, ಅವತ್ತು ತಗೊಂಡಿದ್ದು ನಾನು," ಎಂದರು.

ಆಕೆ ಅಚ್ಚನ್ನು ತೆರೆದು ಮುಚ್ಚಿ ನೋಡಿದರು. "ಗೊತ್ತಿತ್ತು ಕಣೋ. ನಿನ್ನ ನಾಲಿಗೆ ಕೆಂಪಗಿತ್ತಲ್ಲ."

"ಮತ್ತೆ ಯಾಕ್ ಹೇಳ್ಲಿಲ್ಲ?"

"ಜ್ವರ ಬಿಟ್ಟು ಎರಡು ದಿನ ಆಗಿತ್ತು ನಿಂಗೆ. ಅಪ್ಪನ ಕೈ ಏಟು ತಡ್ಕೊಳ್ತಿದ್ಯಾ?"

ಮಾವ ಅಕ್ಕನ ಎದುರು ಕೂತು ತಾವೂ ಕಡಲೆಕಾಯಿ ಸುಲಿಯತೊಡಗಿದರು. ನಾನು ಕಾಫಿ ಮಾಡುತ್ತೇನೆಂದು ಒಳಗೆ ಹೋಗಿ ಬೇಕೆಂದೇ ತಡಮಾಡಿದೆ.

ಮುಂದಿನ ವಾರ ರಿವಾಲ್ವರ್, ಅಚ್ಚು, ಆರು ಗುಂಡು ಎಲ್ಲವೂ ಕಾನೂನಿನ ಪ್ರಕಾರ ಸಂಗ್ರಹಾಲಯ ಸೇರಿದವು. ಆ ಅಂಗಡಿಯವರನ್ನೂ ಮೇಸ್ತ್ರಿಯವರನ್ನೂ ಈಗಲೂ ಹಬ್ಬಕ್ಕೆ ಕರೆಯುತ್ತೇವೆ. ಮೇಸ್ತ್ರಿ ಬರುತ್ತಾರೆ. ಎಲ್ಲ ಒಪ್ಪಿಸಿ ಬರುವ ದಿನ ಬಸ್ಸಿನಲ್ಲಿ ಮಾವ ನನ್ನ ಕಡೆ ತಿರುಗಿ, "ನಿಮ್ಮಪ್ಪ ಹೆಂಗಿದ್ರಮ್ಮ, ನೀನು ಚಿಕ್ಕೋಳಿದ್ದಾಗ?" ಎಂದು ಕೇಳಿದರು. ಹದಿನೆಂಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಹೇಳುತ್ತಾ ಹೋದೆ. ದೇವನಹಳ್ಳಿ ಬಂದದ್ದನ್ನು ಕಂಡಕ್ಟರೇ ನಮಗೆ ನೆನಪಿಸಬೇಕಾಯಿತು.