ಕಾಕಾನ ಮೌನಕ್ಕೆ ಸಾಲಿನ ನಂಬರಿಲ್ಲ

ಒಬ್ಬ ಮನುಷ್ಯನನ್ನು ಅಣಕಿಸಲು ಅವನ ಇಡೀ ಬದುಕು ಬೇಕಾಗಿಲ್ಲ, ನಾಲ್ಕು ಸಾಲು ಸಾಕು. ನನ್ನ ಹತ್ತೊಂಬತ್ತು ವರ್ಷದ ಅನುಭವದ ಸಾರ ಇಷ್ಟೇ. ಯರಗುಪ್ಪಿಯ ನಮ್ಮ ಪೋಸ್ಟಮಾಸ್ತರರು ಮೊದಲು ಕೆಮ್ಮುತ್ತಾರೆ, ಆಮೇಲೆ ಕನ್ನಡಕ ಹಣೆಗೇರಿಸುತ್ತಾರೆ, ಆಮೇಲೆ “ಇಲ್ರಿ” ಎನ್ನುತ್ತಾರೆ. ಪತ್ರ ಬಂದಿದ್ದರೂ ಮೊದಲು “ಇಲ್ರಿ”ಯೇ. ಈ ಮೂರನ್ನು ಸಾಲಾಗಿ ಮಾಡಿ ತೋರಿಸಿದರೆ ಕಟ್ಟೆಯ ಮೇಲಿದ್ದವರಿಗೆ ಅವರೇ ಬಂದು ಕೂತಂತಾಗುತ್ತದೆ. ನನ್ನನ್ನು ಅಣಕಿಸುವುದು ಇನ್ನೂ ಸುಲಭ: ಇನ್ನೊಬ್ಬರನ್ನು ಅಣಕಿಸಿ, ಯಾರು ಯಾರು ನಕ್ಕರೆಂದು ಓರೆಗಣ್ಣಿನಲ್ಲಿ ನೋಡಿದರಾಯಿತು.

ಹೀಗಾಗಿ ಧಾರವಾಡದ ಕಾಲೇಜಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯಲು ಕಲಿಸತೊಡಗಿದಾಗ ನನಗದು ಹೊಸದೆನಿಸಲಿಲ್ಲ; ಅಲ್ಲೂ ಮಾಡಬೇಕಾದದ್ದನ್ನು ಸಾಲು ಸಾಲಾಗಿ ಬರೆಯುವುದೇ. ಕಲಿಸುತ್ತಾರೆ, ನಿಜ; ಕಂಪ್ಯೂಟರ್ ಮಾತ್ರ ಅಲ್ಲಿಲ್ಲ. ನಾವು ಹಾಳೆಯ ಮೇಲೆ ಬರೆದದ್ದನ್ನು ಎಲ್ಲೋ ದೂರದ ಊರಿನಲ್ಲಿ ಕಾರ್ಡುಗಳಿಗೆ ತೂತು ಹೊಡೆದು ಯಂತ್ರಕ್ಕೆ ಉಣಿಸುತ್ತಾರೆ. ಹದಿನೈದು ದಿನಕ್ಕೆ ಉತ್ತರ ಬರುತ್ತದೆ. ನನ್ನ ಮೊದಲ ಉತ್ತರದಲ್ಲಿ, ಏಳನೆಯ ಸಾಲಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದೆ ಎಂದಷ್ಟೇ ಇತ್ತು. ಎಂಥ ಸಭ್ಯ ಜೀವಿ! ಬೈಯಲಿಲ್ಲ, ನಮ್ಮಪ್ಪನ ಹೆಸರೆತ್ತಲಿಲ್ಲ, ತಪ್ಪಿನ ವಿಳಾಸ ಕೊಟ್ಟು ಸುಮ್ಮನಾಯಿತು. ಮನುಷ್ಯರ ಮನಸ್ಸೂ ಇಷ್ಟೇ ಎಂದು ನಾನು ತೀರ್ಮಾನಿಸಿಬಿಟ್ಟೆ.

ಆ ತೀರ್ಮಾನದ ಹುರುಪಿನಲ್ಲೇ ಕಾಕಾನನ್ನು ಅಣಕಿಸಿದ್ದು. ಕಾಕಾ ಎಂದರೆ ಅಪ್ಪನ ತಮ್ಮ, ನಮ್ಮ ಬಾಜೂ ಮನೆಯವನು. ಅವನ ಹೆಂಡತಿ, ನಮ್ಮ ಚಿಗವ್ವ, ತೀರಿಕೊಂಡು ಎರಡು ವರ್ಷವಾಗಿತ್ತು. ಆದರೂ ಹೊಲದಿಂದ ಬಂದವನು ರುಮಾಲನ್ನು ಗೂಟಕ್ಕೆ ಹಾಕುತ್ತ ಒಳಗೆ ಕೂಗುತ್ತಿದ್ದ: “ಏ, ಎಲ್ಲಿದ್ದಿ? ನೀರ ತಾ.” ಒಂದು ಗಳಿಗೆ ಕಾಯುತ್ತಿದ್ದ. ಆಮೇಲೆ ತಾನೇ ಹೋಗಿ ತಂಬಿಗೆ ತುಂಬಿಕೊಳ್ಳುತ್ತಿದ್ದ. ಪ್ರೋಗ್ರಾಮಿನಲ್ಲಿ ಇಲ್ಲದ ಭಾಗವನ್ನು ಕರೆ ಎಂದರೆ ಯಂತ್ರ ಅಲ್ಲೇ ನಿಂತುಬಿಡುತ್ತದೆ. ಮನುಷ್ಯ ಎರಡು ವರ್ಷ ಕರೆಯುತ್ತಾನೆ. ಇದು ನನಗೆ ಮನಶ್ಶಾಸ್ತ್ರದ ದೊಡ್ಡ ಶೋಧವೆನಿಸಿತು. ಕಟ್ಟೆಯ ಮೇಲೆ ಆ ರುಮಾಲು, ಆ ಕೂಗು, ಆ ಒಂದು ಗಳಿಗೆ, ಎಲ್ಲವನ್ನೂ ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ನಗುತ್ತಿದ್ದವರು ಒಬ್ಬೊಬ್ಬರಾಗಿ ಕಟ್ಟೆ ಇಳಿಯತೊಡಗಿದರು. ಹಿಂದೆ ಕಾಕಾ ನಿಂತಿದ್ದ.

ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ನಾನು ಪ್ರೋಗ್ರಾಮಿಗೆ ಬರೆಯುವಂತೆ ಚೌಕ, ಬಾಣ ಬರೆದು ಯೋಜನೆ ಹಾಕಿದೆ, ನೀವು ನಗಬೇಡಿ. ಎಲೆ ಅಡಿಕೆ ತಂದುಕೊಟ್ಟರೆ? ಹಾಕಿಕೊಂಡ, ಮಾತಿಲ್ಲ. ಅವನ ಎತ್ತಿನ ಮೈ ತೊಳೆದರೆ? ಎತ್ತು ಮಾತ್ರ ಪ್ರಸನ್ನವಾಯಿತು. ಯಾವ ಸಾಲನ್ನು ತಿದ್ದಲಿ ಎಂದು ಅವ್ವನನ್ನು ಕೇಳಿದೆ.

“ಭಾಳ ಶಾಣ್ಯಾ ಆಗಿಯಲೇ ನೀ,” ಎಂದಳು. “ಅಂವ ಈಗ ಕರಿಯೂದನ್ನೂ ಬಿಟ್ಟಾನ. ಸುಮ್ಮನ ಬರ್ತಾನ, ಸುಮ್ಮನ ಕುಂಡರ್ತಾನ.”

ಚಿಗವ್ವ ಆ ಮನೆಯಲ್ಲಿ ಉಳಿದಿದ್ದದ್ದೇ ಆ ಒಂದು ಕೂಗಿನಲ್ಲಿ. ಅದನ್ನು ಅಳಿಸಿದವನು ನಾನು.

ಕೊನೆಯ ಆಸೆ ದಸರೆಯ ಬನ್ನಿ. ಅಂದು ನಮ್ಮ ಕಡೆ ಮಾತು ಬಿಟ್ಟವರೂ ಬನ್ನಿ ಎಲೆ ಕೊಟ್ಟು ತೆಗೆದುಕೊಂಡು, ಬಂಗಾರದಂತಿರೋಣ ಎನ್ನಲೇಬೇಕು. ಇಷ್ಟು ಖಾತ್ರಿಯ ಪ್ರೋಗ್ರಾಮು ಯಾವ ಯಂತ್ರದಲ್ಲೂ ಇಲ್ಲ. ಎಲೆ ಕೊಟ್ಟು ಕಾಲಿಗೆ ಬಿದ್ದೆ. ಕಾಕಾ ತಾನೂ ಎಲೆ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದ. ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಪಕ್ಕದವರಿಗೆ ಎಲೆ ಕೊಡಲು ತಿರುಗಿದ. ಎಲ್ಲ ಸಾಲೂ ಸರಿಯಾಗಿ ನಡೆದು ಬೇಕಾದದ್ದು ಮಾತ್ರ ಬಾರದಿರುವುದೇ ತಪ್ಪುಗಳಲ್ಲೆಲ್ಲ ಕೆಟ್ಟ ತಪ್ಪು, ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಅಂದು ಬರೆದುಕೊಂಡಿದ್ದೆ, ಅರ್ಥವಾದದ್ದು ಈಗ.

ಅವನ ಹಿಂದೆಯೇ ಹೋಗಿ ಅವನ ಮನೆಯ ಹೊಸ್ತಿಲಲ್ಲಿ ನಿಂತು, “ಕಾಕಾ, ತಪ್ಪಾತು. ಇನ್ನೊಮ್ಮೆ ಮಾಡಂಗಿಲ್ಲ” ಎಂದೆ. ನಾಲ್ಕು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತು. ದನಿ ನಡುಗಬೇಕಾದಲ್ಲಿ ನಡುಗಿತು, ತಡೆಯಬೇಕಾದಲ್ಲಿ ತಡೆಯಿತು.

ಎಷ್ಟೋ ತಿಂಗಳ ಮೇಲೆ ಕಾಕಾ ನನ್ನ ಮುಖ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ:

“ಛಲೋ ಮಾಡ್ತಿ. ಇದು ಯಾರ ದನಿಲೇ?”

ಊರಿನ ಎಲ್ಲರ ದನಿಯೂ ನನ್ನ ಗಂಟಲಲ್ಲಿದೆ. ಒಬ್ಬೊಬ್ಬರದನ್ನೇ ತೆಗೆದು ಬದಿಗಿಟ್ಟು, ಉಳಿದದ್ದರಲ್ಲಿ ಉತ್ತರ ಕೊಡೋಣವೆಂದು ಬಾಯಿ ತೆರೆದೆ. ಇನ್ನೂ ತೆರೆದೇ ಇದೆ.