ಪಲ್ಲವಿಯ ಪಾಲಿನ ಸಿಹಿನೀರು

ಮಾದನಹಿಪ್ಪರಗಾದಲ್ಲಿ ಮಾಣಿಕಮ್ಮನ ಕಟ್ಟೆ ದಾಟಿ ಬರಿಬಾಯಲ್ಲಿ ಹೋದವರಿಲ್ಲ. ಹಿಡಿ ಪುಠಾಣಿ, ಚೂರು ಬೆಲ್ಲ, ಅರ್ಧ ಶೇಂಗಾ ಹೋಳಿಗೆ, ಏನಾದರೊಂದು ಕೈಗಿಡುತ್ತಿದ್ದಳು. ಎದುರಿಗಿದ್ದವರಿಗೆ ಕೊಡದೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬುದು ಆಕೆಯ ನಂಬಿಕೆ. ಬಸ್ಸಿನಲ್ಲಿ ಬಾಳೆಹಣ್ಣು ಸುಲಿದರೆ ಅರ್ಧ ಕಂಡಕ್ಟರನಿಗೆ. ಹೋದ ತಿಂಗಳು ಆಕೆಯನ್ನು ಮಣ್ಣು ಮಾಡಿ ಬಂದದ್ದಾಯಿತು. ಕಟ್ಟೆ ಖಾಲಿ ಇದೆ. ಹಾದು ಹೋಗುವವರ ಕೈ ಇನ್ನೂ ತಾನಾಗಿ ಮುಂದೆ ಚಾಚಿಕೊಳ್ಳುತ್ತದೆ.

ಈ ಗುಣವೇ ಒಮ್ಮೆ ಆಕೆಯನ್ನು ಫಜೀತಿಗೆ ಸಿಕ್ಕಿಸಿತು.

ಸೊಸೆ ಪಲ್ಲವಿಯ ಮೊದಲ ಕೂಸು ಒಂಬತ್ತನೇ ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಹೋಗಿತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಆಕೆ ಮತ್ತೆ ಬಸುರಾದಾಗ ಮಾಣಿಕಮ್ಮನಿಗೆ ಒಂದೇ ಹಟ: ಈ ಕೂಸು ಅಳುತ್ತಾ ಹೊರಗೆ ಬರಬೇಕು. ತಾನೇ ಸೊಸೆಯನ್ನು ಆಳಂದದ ಆಸ್ಪತ್ರೆಗೆ ಕರೆದೊಯ್ದಳು.

ನರ್ಸ್ ಶೈಲಶ್ರೀ ದೊಡ್ಡ ಗ್ಲಾಸಿನ ತುಂಬ ಗ್ಲೂಕೋಸ್ ಕಲಸಿ ಪಲ್ಲವಿಯ ಕೈಗಿಟ್ಟಳು. "ಪೂರಾ ಕುಡೀಬೇಕು. ಎರಡು ತಾಸು ಬಿಟ್ಟು ರಕ್ತ ತಗೊಂಡ್ರ, ಬಸುರಾಗ ಶುಗರ್ ಏರೇದೇನು ಅಂತ ಗೊತ್ತಾಗ್ತದ" ಎಂದು ಒಳಗೆ ಹೋದಳು.

ನಾಲ್ಕು ಗುಟುಕಿಗೇ ಪಲ್ಲವಿ ಮುಖ ಕಿವುಚಿದಳು. "ವಾಂತಿ ಬಂದಂಗ ಆಗಾಕತ್ತದ್ರಿ ಅತ್ತಿ."

"ತಾ ಇಲ್ಲಿ. ಒಬ್ಬಾಕಿನ ಕುಡಿದ್ರ ಇಳೀತದೇನು?"

ಮಾಣಿಕಮ್ಮ ಅರ್ಧಕ್ಕಿಂತ ಹೆಚ್ಚೇ ಕುಡಿದು ಗ್ಲಾಸು ಮರಳಿಸಿದಳು.

ಶುಗರ್ ನಾರ್ಮಲ್ ಬಂತು. ಮಾಣಿಕಮ್ಮ ಹಿಗ್ಗಿಹೋದಳು. "ಭಾಳ ಛಲೋ ಆತ್ರಿ ಸಿಸ್ಟರ್. ಖರೇ ಹೇಳ್ತೇನಿ, ನಿಮ್ಮ ಪಾನಕದಾಗ ಒಂದೀಟು ಯಾಲಕ್ಕಿ ಬೀಳಬೇಕಿತ್ತು."

"ಅದರ ರುಚಿ ನಿಮಗ ಹ್ಯಾಂಗ ಗೊತ್ತಾತು ಆಯಿ?"

"ಅರ್ಧ ನಾನ ಕುಡಿದೇನಲ್ಲ!"

ಶೈಲಶ್ರೀ ಹಣೆ ಚಚ್ಚಿಕೊಂಡಳು. "ನಿಮ್ಮ ಹೊಟ್ಟಿ ಸೇರಿದ್ದು ಆಕಿ ರಕ್ತದಾಗ ಹ್ಯಾಂಗ ಸಿಗ್ತದ? ಈ ನಾರ್ಮಲ್ ನಂಬಂಗಿಲ್ಲ. ಶುಗರ್ ಏರಿದ್ದು ತಿಳೀಲಿಲ್ಲಂದ್ರ ಕೂಸಿನ ಜೀವಕ್ಕ ಕುತ್ತು."

ಮಾಣಿಕಮ್ಮನ ನಗು ಅಲ್ಲೇ ನಿಂತಿತು. ಮರುದಿನ ಮೊದಲ ಬಸ್ಸಿಗೇ ಮತ್ತೆ ಬಂದರು. ಈ ಸಲ ಆಕೆ ಒಳಗೆ ಕಾಲಿಡಲಿಲ್ಲ. "ನಾ ಹತ್ರ ಇದ್ರ ನನ್ನ ಬಾಯಿ ಸುಮ್ಮಿರೂದಿಲ್ಲ, ನೀನ ಹೋಗು" ಎಂದು ಗೇಟಿನ ಹೊರಗೆ ಕೂತಳು. ಪಲ್ಲವಿ ಮೂಗು ಹಿಡಿದು ಒಬ್ಬಳೇ ಕುಡಿದಳು. ಶುಗರ್ ಏರಿತ್ತು.

ಅಂದಿನಿಂದ ಡಾಕ್ಟರ್ ಹೇಳಿದ್ದೇ ವೇದವಾಕ್ಯ. ಊಟವಾದ ಮೇಲೆ ಅತ್ತೆ ಸೊಸೆ ಊರ ಹೊರಗಿನ ತನಕ ನಡೆದು ಬರುತ್ತಿದ್ದರು. ಕುಬಸದ ದಿನ ಹಸಿರು ಬಳೆ ತೊಟ್ಟು ಕೂತ ಪಲ್ಲವಿಗೆ ಹೆಣ್ಣುಮಕ್ಕಳು ಹೋಳಿಗೆ ತಿನ್ನಿಸಲು ಬಂದರೆ ಮಾಣಿಕಮ್ಮ ಅಡ್ಡ ನಿಂತಳು.

"ಊರಿಗೆಲ್ಲ ತಿನ್ನಿಸಾಕಿ, ಸೊಸಿ ಬಾಯಿಗೆ ಕೀಲಿ ಹಾಕಿಯೇನ ಬೇ?" ನೆರೆಮನೆಯ ಆಯೇಶಾ ಕೆಣಕಿದಳು.

"ನನ್ನ ಬಾಯಿಗೂ ಹಾಕೇನಿ ಬೇ. ಆಕಿ ತಿನ್ನೂತನಕ ನಾನೂ ಸಿಹಿ ಮುಟ್ಟಂಗಿಲ್ಲ."

ಹೆರಿಗೆಯ ದಿನ ಕೂಸಿನ ಅಳು ವರಾಂಡದ ತುದಿಗೂ ಕೇಳಿತು. ಮಾಣಿಕಮ್ಮ ಸೆರಗಿನ ಗಂಟು ಬಿಚ್ಚಿ, ಅತ್ತವರು ನಕ್ಕವರು ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತಾ ಬಂದಳು. ಪಲ್ಲವಿಯ ಮಂಚದ ಹತ್ತಿರ ಮಾತ್ರ ಎತ್ತಿದ ಕೈ ತಡೆಯಿತು. ಶೈಲಶ್ರೀಯ ಮುಖ ನೋಡಿದಳು.

"ಒಂದು ಚಿಟಿಕಿ ನಡೀತದ ಆಯಿ. ಆದ್ರ ಆರು ವಾರ ಬಿಟ್ಟು ಮತ್ತ ಅದೇ ಟೆಸ್ಟ್ ಅದ."

"ಬಿಡ್ರಿ, ನಾ ಗೇಟಿನ ಹೊರಗ ಕೂಡ್ತೇನಿ."

ಬೆರಳಲ್ಲಿದ್ದ ಚಿಟಿಕೆ ಸಕ್ಕರೆಯಲ್ಲಿ ಅರ್ಧ ಸೊಸೆಯ ಬಾಯಿಗೆ ಹಾಕಿ, ಉಳಿದರ್ಧ ತಾನು ನೆಕ್ಕಿದಳು.